ಎಲೆಯ ಹಳದಿ ಕಾಣುವ ನಮಗೆ ಕಾಲಿನ ಸೆಳೆತ ಕಾಣದೇಕೆ?

2022ರ ಫೆಬ್ರವರಿ. ಕಾಳುಮೆಣಸಿನ ಕೊಯ್ಲು ಅರ್ಧ ಮುಗಿದಿತ್ತು. ಆಳು ಒಬ್ಬನೇ ಬಂದದ್ದರಿಂದ ನಾನೂ ಏಣಿ ಹತ್ತಿದ್ದೆ. ನೆಲದಿಂದ ಸುಮಾರು 14 ಅಡಿ ಎತ್ತರ. ತುದಿಗಾಲಲ್ಲಿ ನಿಂತು ದೂರದ ಗೊಂಚಲಿಗೆ ಕೈ ಚಾಚಿದ್ದೇ ತಡ, ಎಡಗಾಲಿನ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಯಿತು. ಪಾದ ಕೆಳಮುಖವಾಗಿ ತಿರುಚಿಕೊಂಡಿತು. ಬೊಬ್ಬೆ ಹಾಕಲೂ ಉಸಿರಿಲ್ಲ. ಅಡಿಕೆ ಮರವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡೆ. ಹಾಗೆ ತಬ್ಬಿದ ಬಲಗೈಯ ಬೆರಳುಗಳೂ ಒಳಕ್ಕೆ ಮಡಚಿ ಹಿಡಿದುಕೊಂಡವು. ಕೆಳಗಿದ್ದವನು ಏಣಿ ಹಿಡಿದು, "ಅಣ್ಣೇರೆ, ಅಲುಗಬೇಡಿ, ಹಾಗೇ ಇರಿ" ಎನ್ನುತ್ತಾ ಒಂದೊಂದೇ ಮೆಟ್ಟಿಲು ನನ್ನ ಪಾದ ಇಡಿಸಿ ಇಳಿಸಿದ.

ಅವನಿಲ್ಲದಿದ್ದರೆ ಇದನ್ನು ಬರೆಯಲು ನಾನಿರುತ್ತಿದ್ದೆನೋ ಇಲ್ಲವೋ. ನನಗೆ ಶುಗರ್ ಇದೆಯೆಂದು ಗೊತ್ತಾಗಿ ಆಗ ಮೂರು ವರ್ಷ ಆಗಿತ್ತು. ರಾತ್ರಿ ಕಾಲು ಎಳೆಯುವುದು, ಹಾಲು ಕರೆಯುವಾಗ ಬೆರಳು ಹಿಡಿದುಕೊಳ್ಳುವುದು ಇವೆಲ್ಲ ಒಂದೂವರೆ ವರ್ಷದಿಂದ ಇತ್ತು. ವೈದ್ಯರಿಗೆ ಹೇಳಿರಲಿಲ್ಲ. ಕೃಷಿಕನಿಗೆ ಕೈಕಾಲು ನೋವು ಹೊಸತೇ? ಹೇಳಲಿಕ್ಕೆ ಎಂತ ಉಂಟು ಎಂದು ನನ್ನ ಲೆಕ್ಕ.

ಈ ಲೆಕ್ಕ ತಪ್ಪು ಎಂದು ಹೇಳಲಿಕ್ಕೇ ಈ ಬರಹ. ನಾನು ವೈದ್ಯನಲ್ಲ. ಮೂರೂವರೆ ಎಕ್ರೆ ಅಡಿಕೆ, ಎರಡು ಹಸು ಇರುವ ಕೃಷಿಕ. ಅನುಭವಿಸಿದ್ದು, ವೈದ್ಯರಲ್ಲಿ ಕೇಳಿ ತಿಳಿದದ್ದು, ಇವೆರಡರ ಆಧಾರದಲ್ಲಿ ಬರೆಯುತ್ತಿದ್ದೇನೆ.

"ದುಡಿಯುವವನಿಗೆ ಶುಗರ್ ಇಲ್ಲ"

ನಮ್ಮ ಅಂಗಳಗಳಲ್ಲಿ ಬೇರೂರಿದ ಮಾತು ಇದು. ಸಕ್ಕರೆ ಕಾಯಿಲೆ ಎಂದರೆ ಪೇಟೆಯವರದ್ದು, ಕುರ್ಚಿಯಲ್ಲಿ ಕೂತು ಉಣ್ಣುವವರದ್ದು ಎಂದು. 2019ರಲ್ಲಿ ಬೇರೇನೋ ಕಾರಣಕ್ಕೆ ರಕ್ತ ಪರೀಕ್ಷೆ ಮಾಡಿಸಿದಾಗ ನನಗೆ ಖಾಲಿ ಹೊಟ್ಟೆಯಲ್ಲಿ 212 ಇತ್ತು. 126 ಅಥವಾ ಅದಕ್ಕಿಂತ ಹೆಚ್ಚಾದರೆ ಸಕ್ಕರೆ ಕಾಯಿಲೆ ಎಂದು ಲೆಕ್ಕ. ಲ್ಯಾಬಿನವರು ತಪ್ಪು ಮಾಡಿರಬೇಕು ಎಂದುಕೊಂಡೆ. ಇನ್ನೊಂದು ಕಡೆ ಮಾಡಿಸಿದೆ. ಅಲ್ಲಿ 205.

ಆಮೇಲೆ ಕೂತು ಯೋಚಿಸಿದೆ. ನನ್ನ ಅಪ್ಪ ಗುಡ್ಡದಿಂದ ಸೊಪ್ಪು ತಲೆಹೊರೆಯಲ್ಲಿ ತರುತ್ತಿದ್ದರು. ನನಗೆ ಗೊಬ್ಬರ ಪಿಕಪ್‌ನಲ್ಲಿ ಬರುತ್ತದೆ. ಅಪ್ಪ ತೋಟಕ್ಕೆ ಹಾಳೆಯಲ್ಲಿ ನೀರು ಚೇಪುತ್ತಿದ್ದರು. ನಾನು ಸ್ವಿಚ್ ಒತ್ತಿ ಸ್ಪ್ರಿಂಕ್ಲರ್ ತಿರುಗುವುದನ್ನು ನೋಡುತ್ತೇನೆ. ಅಪ್ಪ ಹಾಲಿನ ಪಾತ್ರೆ ಹಿಡಿದು ಒಂದು ಮೈಲು ನಡೆದರೆ ನಾನು ಸ್ಕೂಟರಿನಲ್ಲಿ ಸೊಸೈಟಿಗೆ ಹೋಗಿ ಬರುತ್ತೇನೆ. ಊಟ ಮಾತ್ರ ಅಪ್ಪನದ್ದೇ. ಬೆಳಗ್ಗೆ ತೆಳ್ಳವು, ಹತ್ತು ಗಂಟೆಗೆ ಬೆಲ್ಲ ನೀರು ಇಲ್ಲವೇ ಚಹಾ, ಮಧ್ಯಾಹ್ನ ಬಟ್ಟಲು ತುಂಬ ಅನ್ನ, ರಾತ್ರಿ ಮತ್ತೆ ಅನ್ನ. ತೋಟದಲ್ಲಿ ದಿನವಿಡೀ ಇರುವುದು ಬೇರೆ, ದಿನವಿಡೀ ದುಡಿಯುವುದು ಬೇರೆ. ಮೇಲ್ವಿಚಾರಣೆಗೆ ಬೆವರು ಬರುವುದಿಲ್ಲ.

ಇದು ನನ್ನೊಬ್ಬನ ಕಥೆ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದುದ್ದಕ್ಕೂ ನಡೆದ ದೊಡ್ಡ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ. ಪೇಟೆಗಳಲ್ಲಿ ವಯಸ್ಕರ ನೂರರಲ್ಲಿ 16.4 ಮಂದಿಗಿದ್ದರೆ ಹಳ್ಳಿಗಳಲ್ಲಿ 8.9 ಮಂದಿಗೆ ಇದೆ. ಕಡಿಮೆ ಎಂದು ಸಮಾಧಾನ ಪಡಬೇಡಿ. ಹಳ್ಳಿಯ ಮದುವೆಯ ಒಂದು ಪಂಕ್ತಿಯಲ್ಲಿ ನೂರು ಮಂದಿ ದೊಡ್ಡವರು ಕೂತರೆ ಅದರಲ್ಲಿ ಎಂಟೊಂಬತ್ತು ಮಂದಿ ಎಂದ ಹಾಗಾಯಿತು. ಎಲ್ಲರಿಗೂ ಅದು ಗೊತ್ತೂ ಇರುವುದಿಲ್ಲ.

ಒಂದೇ ಲಕ್ಷಣ, ಹತ್ತು ಕಾರಣ

ಅಡಿಕೆ ಸೋಗೆ ಹಳದಿಯಾದರೆ ನಾವೇನು ಮಾಡುತ್ತೇವೆ? ಕಣಿಯಲ್ಲಿ ನೀರು ನಿಂತಿದೆಯಾ ನೋಡುತ್ತೇವೆ. ಬೇರು ಕೆದಕುತ್ತೇವೆ. ಗೊಬ್ಬರ ಸಾಲದೇ ಹೀಗಾಯಿತೋ, ಬೇರುಹುಳವೋ, ಹಳದಿ ಎಲೆ ರೋಗವೇ ಬಂತೋ ಎಂದು ನಾಲ್ಕು ಜನರನ್ನು ಕೇಳುತ್ತೇವೆ. ಲಕ್ಷಣ ಒಂದೇ ಆದರೂ ಕಾರಣ ಬೇರೆಬೇರೆ ಎಂಬುದು ನಮಗೆ ಚೆನ್ನಾಗಿ ಗೊತ್ತು. ಸ್ವಂತ ಕಾಲು ಸೆಳೆದಾಗ ಮಾತ್ರ ಒಂದೇ ಉತ್ತರ: "ದಣಿವು ಮಾರಾಯ, ಎಣ್ಣೆ ತಿಕ್ಕು."

ಏಣಿಯ ಘಟನೆ ಆದ ಮರುದಿನ ಮನೆಯವಳು ಎಳೆದುಕೊಂಡೇ ಹೋದಳು. ವೈದ್ಯರು ನಾನು ತಿನ್ನುವ ಎಲ್ಲಾ ಮಾತ್ರೆಗಳನ್ನು ಮೇಜಿನ ಮೇಲೆ ಸುರಿಯಲು ಹೇಳಿದರು. ಕಾಲು ನೋಡಿದರು. ಮೀನಿನ ಗಾಳದ ನೂಲಿನಂಥ ಒಂದು ನೈಲಾನ್ ದಾರವನ್ನು ಅಂಗಾಲಿನ ಹತ್ತು ಕಡೆ ಒತ್ತಿ, "ಗೊತ್ತಾಗ್ತದಾ?" ಎಂದು ಕೇಳಿದರು. ನಾಲ್ಕು ಕಡೆ ಗೊತ್ತೇ ಆಗಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದ ನಾನು, "ಇನ್ನೂ ಶುರು ಮಾಡಿಲ್ವಾ ಡಾಕ್ಟ್ರೇ?" ಎಂದು ಕೇಳಿದ್ದೆ. ಮನೆಯವಳ ಮುಖ ಸಣ್ಣದಾದದ್ದು ಆಮೇಲೆ ಕಂಡಿತು.

ಶುಗರ್ ಇರುವವರಿಗೆ ಸೆಳೆತ ಬರಲು ಅವರು ಹೇಳಿದ ಕಾರಣಗಳನ್ನು ನನ್ನ ಮಾತಲ್ಲಿ ಬರೆಯುತ್ತೇನೆ.

ಒಂದು, ರಕ್ತದಲ್ಲಿ ಸಕ್ಕರೆ ಬಹಳ ಕಾಲ ಹೆಚ್ಚಿದ್ದರೆ ನರಗಳು ಹಾಳಾಗುತ್ತವೆ. ಉದ್ದದ ನರಗಳಿಗೆ ಮೊದಲ ಪೆಟ್ಟು. ಹಾಗಾಗಿ ಪಾದದಿಂದ ಶುರುವಾಗಿ ಮೇಲೆ ಬರುತ್ತದೆ, ಆಮೇಲೆ ಕೈಬೆರಳಿಗೂ ಬರುತ್ತದೆ. ಉರಿ, ಜೋಮು, ಇರುವೆ ಹರಿದಂತೆ ಆಗುವುದು, ಸೆಳೆತ, ಕೊನೆಗೆ ಮರಗಟ್ಟುವುದು.

ಎರಡು, ಸಕ್ಕರೆ ಹೆಚ್ಚಿದಾಗ ಮೂತ್ರ ಹೆಚ್ಚು ಹೋಗುತ್ತದೆ. ಮೈಯ ನೀರು, ಅದರೊಂದಿಗೆ ಲವಣಗಳೂ ಹೋಗುತ್ತವೆ. ಬಿಸಿಲಲ್ಲಿ ಬೆವರು ಬೇರೆ ಹರಿದರೆ ಮತ್ತೆ ಕೇಳಬೇಡಿ.

ಮೂರು, ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಮೂತ್ರ ಹೆಚ್ಚು ಮಾಡುವಂಥವು. ಅವುಗಳಿಂದಲೂ ಸೆಳೆತ ಬರಬಹುದು. ಕೊಲೆಸ್ಟರಾಲ್ ಮಾತ್ರೆಯಿಂದ ಕೆಲವರಿಗೆ ಮಾಂಸಖಂಡದ ನೋವು ಬರುವುದುಂಟು.

ನಾಲ್ಕು, ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಯನ್ನು ವರ್ಷಗಟ್ಟಲೆ ತಿಂದರೆ ಕೆಲವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುತ್ತದೆ. ಸಸ್ಯಾಹಾರಿಗಳಲ್ಲಿ ಅದು ಮೊದಲೇ ಕಡಿಮೆ. ಬಿ12 ಇಳಿದರೂ ಕೈಕಾಲು ಜೋಮು ಹಿಡಿಯುತ್ತದೆ.

ಐದು, ಕಾಲಿನ ರಕ್ತನಾಳ ಕಿರಿದಾದರೆ ನಡೆಯುವಾಗ ಮೀನಖಂಡ ಹಿಡಿಯುತ್ತದೆ, ನಿಂತರೆ ಬಿಡುತ್ತದೆ. ರಾತ್ರಿ ಮಲಗಿದಾಗ ಬರುವ ಸೆಳೆತ ಬೇರೆ, ಇದು ಬೇರೆ. ಗುಡ್ಡ ಹತ್ತುವಾಗ ನಿತ್ಯ ಒಂದೇ ದೂರದಲ್ಲಿ ಕಾಲು ಹಿಡಿಯುತ್ತದೆ ಎಂದಾದರೆ ತಡ ಮಾಡದೆ ತೋರಿಸಬೇಕು. ಎಲೆಯಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವವರು, ಬೀಡಿ ಸೇದುವವರು ಇದನ್ನು ಇನ್ನೊಮ್ಮೆ ಓದಿ. ಹೊಗೆಸೊಪ್ಪು ರಕ್ತನಾಳಕ್ಕೆ ವೈರಿ. ನಾನೂ ಇಪ್ಪತ್ತೆಂಟು ವರ್ಷ ಹಾಕಿದವನೇ. ಬಿಟ್ಟೆ.

ಇದಲ್ಲದೆ ಮೂತ್ರಪಿಂಡದ ತೊಂದರೆ, ಥೈರಾಯ್ಡ್ ತೊಂದರೆಗಳಿಂದಲೂ ಸೆಳೆತ ಬರುತ್ತದೆ. ಮಳೆಗಾಲದಲ್ಲಿ ಜ್ವರದೊಂದಿಗೆ ಮೀನಖಂಡ ಮುಟ್ಟಲಾಗದಷ್ಟು ನೋವಿದ್ದರೆ ಅದು ಇಲಿ ಜ್ವರ ಇರಬಹುದು. ಕಣಿಯ ನೀರಿನಲ್ಲಿ ಬರಿಗಾಲಲ್ಲಿ ಇಳಿಯುವ ನಮಗೆ ಅದರ ಭಯ ಹೆಚ್ಚು. ಶುಗರಿನ ಸೆಳೆತ ಎಂದು ಮನೆಯಲ್ಲಿ ಕೂರಬಾರದು.

ನನ್ನಲ್ಲಿ ಸಿಕ್ಕಿದ್ದು ಮೂರು ಕಾರಣ. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ 9.4 ಬಂತು. 6.5ರಿಂದ ಮೇಲೆ ಕಾಯಿಲೆ ಎನ್ನುತ್ತಾರೆ. ಚಿಕಿತ್ಸೆಯಲ್ಲಿರುವ ಹೆಚ್ಚಿನವರಿಗೆ 7ರ ಹತ್ತಿರ ಇದ್ದರೆ ಒಳ್ಳೆಯದು ಎನ್ನುತ್ತಾರೆ. ಬಿ12 ಬಹಳ ಕೆಳಗಿತ್ತು. ಬಿಪಿಗೆ ತಿನ್ನುತ್ತಿದ್ದದ್ದು ಮೂತ್ರ ಹೆಚ್ಚಿಸುವ ಮಾತ್ರೆ. ವೈದ್ಯರು ಅದನ್ನು ಬದಲಿಸಿದರು, ಬಿ12 ಕೊಟ್ಟರು, ಶುಗರಿನ ಮಾತ್ರೆಯ ಪ್ರಮಾಣ ಸರಿಮಾಡಿದರು. ಇದನ್ನು ಓದಿ ಯಾರೂ ಬಿಪಿ ಮಾತ್ರೆಯನ್ನು ತಾವೇ ನಿಲ್ಲಿಸಬೇಡಿ. ಬದಲಿಸುವುದು ವೈದ್ಯರ ಕೆಲಸ, ನಮ್ಮದು ಹೇಳುವುದು.

ದನಕ್ಕೆ ಕ್ಯಾಲ್ಸಿಯಂ, ನನಗೂ ಕ್ಯಾಲ್ಸಿಯಂ!

ಅದಕ್ಕಿಂತ ಮೊದಲು ನಾನು ಮಾಡಿದ ಮೂರ್ಖತನಗಳನ್ನೂ ಹೇಳಿಬಿಡುತ್ತೇನೆ. ಕರು ಹಾಕಿದ ಮರುದಿನ ನಮ್ಮ ಹಸು ಏಳಲಾರದೆ ಮಲಗಿತ್ತು. ಪಶುವೈದ್ಯರು ಬಂದು ನರಕ್ಕೆ ಕ್ಯಾಲ್ಸಿಯಂ ಕೊಟ್ಟರು, ಎದ್ದು ನಿಂತಿತು. ಹಾಲು ಜ್ವರಕ್ಕೆ ಅದೇ ಮದ್ದು, ಕಾರಣವೇ ಕ್ಯಾಲ್ಸಿಯಂ ಇಳಿಯುವುದು. ನಾನು ಅದನ್ನು ನೋಡಿ ಔಷಧ ಅಂಗಡಿಯಿಂದ ಕ್ಯಾಲ್ಸಿಯಂ ಮಾತ್ರೆ ತಂದು ಎಂಟು ತಿಂಗಳು ತಿಂದೆ. ನನಗೆ ಹಾಲು ಜ್ವರ ಎಲ್ಲಿಂದ ಬರಬೇಕು? ಸೆಳೆತ ಹಾಗೆಯೇ ಇತ್ತು.

ಆಮೇಲೆ ಯಾರೋ ಮೆಗ್ನೀಸಿಯಂ ಎಂದರು. ಅದನ್ನೂ ತಂದೆ. ವಯಸ್ಸಾದವರ ರಾತ್ರಿಯ ಸೆಳೆತಕ್ಕೆ ಮೆಗ್ನೀಸಿಯಂನಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣುವುದಿಲ್ಲ ಎಂದು 2020ರ ಕೊಕ್ರೇನ್ ಪರಾಮರ್ಶೆ ಹೇಳಿದೆಯಂತೆ. ಮಗಳು ಹುಡುಕಿ ತೋರಿಸಿದ್ದು. ಇನ್ನೊಬ್ಬರು ದಿನಕ್ಕೆ ನಾಲ್ಕು ಬಾಳೆಹಣ್ಣು, ಎರಡು ಬೊಂಡ ಎಂದರು. ಬಾಳೆಹಣ್ಣಿನಲ್ಲೂ ಬೊಂಡದಲ್ಲೂ ಪೊಟಾಷಿಯಂ ಇರುವುದು ನಿಜ. ಸಕ್ಕರೆಯೂ ಇದೆ. ಮೂತ್ರಪಿಂಡ ಸೋತವರಿಗೆ ಪೊಟಾಷಿಯಂ ಹೆಚ್ಚಾದರೆ ಹೃದಯಕ್ಕೇ ಅಪಾಯ. ಮಣ್ಣು ಪರೀಕ್ಷೆ ಮಾಡದೆ ಪೊಟಾಷ್ ಸುರಿಯುವುದು ತಪ್ಪೆಂದು ಇದೇ ಪತ್ರಿಕೆಯಲ್ಲಿ ಓದುವವರು ನಾವು. ಮೈಗೆ ಮಾತ್ರ ಯಾವ ಪರೀಕ್ಷೆಯೂ ಬೇಡವೇ?

ಅತಿ ದೊಡ್ಡ ತಪ್ಪು ಶಾಖದ್ದು. ಒಂದು ರಾತ್ರಿ ಕಾಲು ಸೆಳೆದಾಗ ಉಪ್ಪು ಹುರಿದು ಬೈರಾಸಿನಲ್ಲಿ ಕಟ್ಟಿ ಪಾದಕ್ಕೆ, ಮೀನಖಂಡಕ್ಕೆ ಒತ್ತಿಕೊಂಡೆ. ಹಿತವಾಗಿತ್ತು. ಅಲ್ಲೇ ನಿದ್ದೆ ಬಂತು. ಬೆಳಗ್ಗೆ ಮನೆಯವಳು ನೋಡಿದರೆ ಪಾದದ ಬದಿಯಲ್ಲಿ ರೂಪಾಯಿ ಅಗಲದ ಬೊಕ್ಕೆ. ಸುಟ್ಟದ್ದು ನನಗೆ ತಿಳಿದೇ ಇರಲಿಲ್ಲ. ಅದು ಒಣಗಲು ಏಳು ವಾರ ಬೇಕಾಯಿತು. ಮರಗಟ್ಟಿದ ಕಾಲಿಗೆ ಬಿಸಿ ಎಂಬುದು ಬೆಂಕಿಯೇ. ಬಿಸಿನೀರು ಕೂಡ ಪಾದದಿಂದ ಪರೀಕ್ಷಿಸಬಾರದು, ಮೊಣಕೈ ಅದ್ದಿ ನೋಡಬೇಕು.

ಆ ಏಳು ವಾರ ನನಗೆ ಅಪ್ಪನ ನೆನಪು ಕಾಡಿತು. ಅಪ್ಪನಿಗೆ ರಾತ್ರಿಯಿಡೀ ಕಾಲು ಎಳೆಯುತ್ತಿತ್ತು. ಅಮ್ಮ ತೆಂಗಿನೆಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದರು. ಒಂದು ಮಳೆಗಾಲ ಹೆಬ್ಬೆರಳಿಗೆ ಮುಳ್ಳು ಹೊಕ್ಕಿತು. ಅವರಿಗೆ ಗೊತ್ತಾಗಲಿಲ್ಲ. ಗಾಯ ಕೀವಾಯಿತು, ಕಪ್ಪಾಯಿತು. ಊರಿನವರೆಲ್ಲ "ನಂಜು" ಎಂದರು. ನಂಜಿಗೆ ಪಥ್ಯ ಮಾಡಿಸಿದೆವು. ಪಾದ ಕತ್ತರಿಸಬೇಕೆಂದು ಆಸ್ಪತ್ರೆಯವರು ಹೇಳುವಾಗ ಮೀರಿ ಹೋಗಿತ್ತು. ಅಪ್ಪನ ರಕ್ತವನ್ನು ಅದುವರೆಗೆ ಒಮ್ಮೆಯೂ ಪರೀಕ್ಷೆ ಮಾಡಿಸಿರಲಿಲ್ಲ. ಆ ಹೆಬ್ಬೆರಳು ಹಾಗೂ ನನ್ನ ಬೊಕ್ಕೆ ಒಂದೇ ಜಾತಿಯವು ಎಂದು ಈಗ ಅನ್ನಿಸುತ್ತದೆ. ಹೀಗೆ ಎಷ್ಟು ಮನೆಗಳಲ್ಲಿ ಶುಗರಿಗೆ ನಂಜೆಂಬ ಹೆಸರಿಟ್ಟು ಸುಮ್ಮನಾದೆವೋ!

ಸೆಳೆತ ಬಂದಾಗ ಮಾಡುವುದು

ಕಾಲು ಸೆಳೆದರೆ ಮೊಣಕಾಲು ನೇರ ಮಾಡಿ. ಬೆರಳ ತುದಿಯನ್ನು ನಿಮ್ಮ ಕಡೆಗೆ, ಮೊಣಕಾಲಿನತ್ತ ಎಳೆದು ಹಿಡಿಯಿರಿ. ಕೈಗೆ ಎಟಕದಿದ್ದರೆ ಬೈರಾಸನ್ನು ಪಾದಕ್ಕೆ ಸುತ್ತಿ ಎರಡೂ ತುದಿ ಹಿಡಿದು ಎಳೆಯಿರಿ. ಏಳಲು ಸಾಧ್ಯವಾದರೆ ಹಿಮ್ಮಡಿ ನೆಲಕ್ಕೆ ಊರಿ ನಿಲ್ಲಿ. ಒಂದೆರಡು ನಿಮಿಷದಲ್ಲಿ ಬಿಡುತ್ತದೆ. ಆಮೇಲೆ ಮೆಲ್ಲಗೆ ನೀವಬಹುದು. ನಮ್ಮ ಮಂಚದ ಕಾಲಿಗೆ ಒಂದು ಹಳೆ ಬೈರಾಸು ಯಾವಾಗಲೂ ಕಟ್ಟಿಯೇ ಇರುತ್ತದೆ.

ಕೈ ಹಿಡಿದುಕೊಂಡರೆ ಇನ್ನೊಂದು ಕೈಯಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯನ್ನು ಮೇಜು ಅಥವಾ ತೊಡೆಯ ಮೇಲೆ ಚಪ್ಪಟೆಯಾಗಿ ಒತ್ತಿ ಹಿಡಿಯಬೇಕು. ಜಗ್ಗಬಾರದು.

ಬರದಂತೆ ನೋಡಿಕೊಳ್ಳಲು ನಾನು ಮಾಡುವುದು ಹೀಗೆ. ಮಲಗುವ ಮೊದಲು ಗೋಡೆಗೆ ಎರಡೂ ಅಂಗೈ ಊರಿ, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗುತ್ತೇನೆ. ಮೀನಖಂಡ ಎಳೆದದ್ದು ತಿಳಿಯಬೇಕು, ನೋಯಬಾರದು. ಹತ್ತು ಎಣಿಸಿ ಬಿಡುವುದು. ಒಂದೊಂದು ಕಾಲಿಗೆ ಮೂರು ಸಲ. ನೆದರ್ಲೆಂಡ್ಸ್‌ನಲ್ಲಿ 55 ದಾಟಿದ 80 ಮಂದಿಯ ಮೇಲೆ ಇಂಥದ್ದೇ ವ್ಯಾಯಾಮದ ಪರೀಕ್ಷೆ ನಡೆಸಿ 2012ರಲ್ಲಿ ಪ್ರಕಟಿಸಿದ್ದಾರೆ. 6 ವಾರ ಮಲಗುವ ಮೊದಲು ಮಾಡಿದವರಲ್ಲಿ ಸೆಳೆತ ಕಡಿಮೆಯಾಗಿತ್ತು. ಅದು ಶುಗರ್ ಇದ್ದವರನ್ನೇ ಆರಿಸಿ ಮಾಡಿದ್ದಲ್ಲ. ಆದರೂ ಖರ್ಚಿಲ್ಲದ ಮದ್ದು, ಗೋಡೆಯೊಂದು ಸಾಕು.

ಸೊಸೈಟಿಯ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿಯೇ ಸೆಳೆತ ಬಂದ ರಾತ್ರಿಗೆ ಒಂದು ಗೀಟು ಹಾಕುತ್ತಾ ಬಂದೆ. 2022ರ ಮಾರ್ಚ್‌ನಲ್ಲಿ 19 ಗೀಟು. ಜೂನ್‌ನಲ್ಲಿ 6. ಈಗ ತಿಂಗಳಿಗೆ ಎರಡೋ ಮೂರೋ. ಪೂರ್ತಿ ಹೋಗಲಿಲ್ಲ. ಹಾಳಾದ ನರ ಪೂರ್ತಿ ಮೊದಲಿನಂತೆ ಆಗುವುದು ಕಷ್ಟ ಎಂದು ವೈದ್ಯರು ಮೊದಲೇ ಹೇಳಿದ್ದರು. ಮುಂದಿನ ಹಾನಿ ನಿಧಾನಿಸುವುದಷ್ಟೇ ನಮ್ಮ ಕೈಯಲ್ಲಿರುವುದು. ಅದಕ್ಕೆ ಸಕ್ಕರೆ ಹತೋಟಿಯಲ್ಲಿರಬೇಕು. ಒಂದು ವರ್ಷದಲ್ಲಿ 9.4 ಇದ್ದದ್ದು 7.1 ಆಯಿತು. ಅನ್ನ ಬಿಡಲಿಲ್ಲ, ಅರ್ಧ ಮಾಡಿದೆ. ಕುಚ್ಚಿಲಕ್ಕಿ ಆದರೆ ಎಷ್ಟು ಉಂಡರೂ ಆಗುತ್ತದೆ, ರಾಗಿ ಆದರೆ ಲೆಕ್ಕವೇ ಇಲ್ಲ ಎನ್ನುವವರಿದ್ದಾರೆ. ಎರಡರಲ್ಲೂ ಹಿಟ್ಟಿನಂಶವೇ ಹೆಚ್ಚು. ಬಟ್ಟಲಿನ ಅರ್ಧ ತೊಂಡೆ, ಬೆಂಡೆ, ಹರಿವೆ, ಬಸಳೆ ಇದ್ದರೆ ಅನ್ನ ತಾನೇ ಕಡಿಮೆಯಾಗುತ್ತದೆ.

ಕೈಯ ಪರೀಕ್ಷೆ ನಮಸ್ಕಾರದಲ್ಲಿ

ಶುಗರ್ ಇರುವವರ ಕೈಗೆ ಬೇರೆ ಉಪದ್ರಗಳೂ ಉಂಟು. ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ ನೋಡಿ. ಅಂಗೈ, ಬೆರಳು ಎಲ್ಲಾ ಒಂದಕ್ಕೊಂದು ತಾಗುತ್ತವೆಯೇ? ನಡುವೆ ಕಿಂಡಿ ಉಳಿದರೆ ಗಂಟುಗಳು ಪೆಡಸಾಗಿವೆ ಎಂದು ಅರ್ಥ. ಮಡಚಿದ ಬೆರಳು ಸಿಕ್ಕಿಹಾಕಿಕೊಂಡು ಟಕ್ಕೆಂದು ಬಿಡುವುದು ಇನ್ನೊಂದು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುವುದು ಮಣಿಕಟ್ಟಿನಲ್ಲಿ ನರ ಒತ್ತಿದ ಲಕ್ಷಣ. ಇವೆಲ್ಲ ಶುಗರ್ ಇರುವವರಲ್ಲಿ ಹೆಚ್ಚು. ಇವಕ್ಕೆ ಬೇರೆ ಚಿಕಿತ್ಸೆ ಇದೆ. ಸೆಳೆತ ಎಂದು ಒಂದೇ ಚೀಲಕ್ಕೆ ತುಂಬಬೇಡಿ.

ಕಳೆ ಕತ್ತರಿಸುವ ಯಂತ್ರದ ನಡುಕ, ಅಡಿಕೆ ಸುಲಿಯುವಾಗ ಗಂಟೆಗಟ್ಟಲೆ ಒಂದೇ ಹಿಡಿತ, ಎರಡು ಹೊತ್ತು ಹಾಲು ಕರೆಯುವುದು ಎಲ್ಲವೂ ಈ ಕೈಗಳ ಮೇಲೆಯೇ. ನಾನು ಯಂತ್ರವನ್ನು ಅರ್ಧ ಗಂಟೆಗಿಂತ ಹೆಚ್ಚು ಒಮ್ಮೆಲೇ ಹಿಡಿಯುವುದಿಲ್ಲ. ಸುಲಿಯುವಾಗ ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಕೈ ಬಿಚ್ಚಿ ಮುಚ್ಚಿ ಮಾಡುತ್ತೇನೆ. ಒಂದು ಹೊತ್ತು ಹಾಲು ಮಗ ಕರೆಯುತ್ತಾನೆ. ಅವನಿಗೆ ಹೇಳಲು ನನಗೆ ಆರು ತಿಂಗಳು ನಾಚಿಕೆ ಆಗಿತ್ತು. ಅವನು ಕಲಿಯಲು ನಾಲ್ಕೇ ದಿನ ತೆಗೆದುಕೊಂಡ.

ಕೆಲಸದ ಕ್ರಮ ಬದಲಾಗಬೇಕು

ನನ್ನ ಮುಖ್ಯ ಮಾತು ಇಲ್ಲಿದೆ. ಶುಗರ್ ಬಂದ ಮೇಲೆ ನಾವು ಊಟ ಬದಲಿಸುವ ಬಗ್ಗೆ ಮಾತಾಡುತ್ತೇವೆ. ಕೆಲಸ ಬದಲಿಸುವ ಬಗ್ಗೆ ಯಾರೂ ಮಾತಾಡುವುದಿಲ್ಲ. ವೈದ್ಯರಿಗೆ ನಮ್ಮ ಕೆಲಸ ಗೊತ್ತಿಲ್ಲ, ನಮಗೆ ಕಾಯಿಲೆ ಗೊತ್ತಿಲ್ಲ. ಈ ಎರಡರ ನಡುವಿನ ಕಿಂಡಿಯಲ್ಲಿ ಮನುಷ್ಯ ಏಣಿಯಿಂದ ಬೀಳುತ್ತಾನೆ.

ಸೆಳೆತ ಇರುವವನು ಏಣಿ ಹತ್ತಬಾರದು, ಮರವಂತೂ ಬೇಡವೇ ಬೇಡ. ಹತ್ತಲೇಬೇಕಾದಲ್ಲಿ ಕೆಳಗೆ ಒಬ್ಬ ಇರಲೇಬೇಕು. ಈಗ ನೆಲದಲ್ಲೇ ನಿಂತು ಕೊನೆ ತೆಗೆಯುವ, ಬೋರ್ಡೋ ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಅದನ್ನು ನಾವು ಆಳು ಉಳಿಯುವ ಲೆಕ್ಕದಲ್ಲಿ ನೋಡುತ್ತೇವೆ. ಪ್ರಾಣ ಉಳಿಯುವ ಲೆಕ್ಕದಲ್ಲಿಯೂ ನೋಡಬೇಕು. ದುಬಾರಿ ನಿಜ. ನಾಲ್ಕು ಮನೆಯವರು ಸೇರಿ ಒಂದು ತಂದರೆ ಆಗದೇ?

ಬರಿಗಾಲಿನ ಹೆಮ್ಮೆ ಬಿಡಬೇಕು. "ಮಣ್ಣಿನ ಮಗ ಚಪ್ಪಲಿ ಹಾಕಿ ತೋಟಕ್ಕೆ ಹೋಗುವುದೇ?" ಎನ್ನುವವರಿಗೆ ಅಪ್ಪನ ಹೆಬ್ಬೆರಳು ತೋರಿಸಬೇಕು ಎನಿಸುತ್ತದೆ. ಬೇಸಿಗೆಯಲ್ಲಿ ಮೆತ್ತನೆಯ ಅಟ್ಟೆಯ, ಹಿಂದೆ ಪಟ್ಟಿ ಇರುವ ಚಪ್ಪಲಿ, ಮಳೆಗಾಲದಲ್ಲಿ ಬೂಟು. ಬೂಟಿಗೆ ಕಾಲು ಹಾಕುವ ಮೊದಲು ಬೋರಲು ಮಾಡಿ ಕೊಡವಿ, ಒಳಗೆ ಕೈ ಆಡಿಸಿ. ಅಡಿಕೆ ಸಿಪ್ಪೆಯ ಚೂರೊಂದು ಸಾಕು ಗಾಯ ಮಾಡಲು. ಸಂಜೆ ಕಾಲು ತೊಳೆದು, ಬೆರಳ ಸಂದು ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿ. ಕೆಚ್ಚಲು ಬಾವು ಬಂದೀತೆಂದು ದನದ ಕೆಚ್ಚಲನ್ನು ದಿನಕ್ಕೆರಡು ಸಲ ನೋಡುವ ನಮಗೆ ನಮ್ಮ ಪಾದ ಒಮ್ಮೆ ನೋಡುವುದು ಭಾರವೇ?

ನೀರು ಬಾಯಾರಿದಾಗ ಕುಡಿಯುವುದಲ್ಲ, ಕೆಲಸದ ನಡುವೆ ಕುಡಿಯುತ್ತಲೇ ಇರಬೇಕು. ಬೆಲ್ಲ ಬೇಡ, ತೆಳು ಮಜ್ಜಿಗೆ ಒಳ್ಳೆಯದು. ಬಿಪಿ ಇರುವವರು ಅದಕ್ಕೆ ಉಪ್ಪು ಸುರಿಯಬೇಡಿ. ಮೂತ್ರಪಿಂಡ, ಹೃದಯದ ತೊಂದರೆ ಇರುವವರು ಎಷ್ಟು ನೀರು ಎಂದು ವೈದ್ಯರಲ್ಲೇ ಕೇಳಬೇಕು.

ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ತಿನ್ನುವವರು ಖಾಲಿ ಹೊಟ್ಟೆಯಲ್ಲಿ ದುಡಿದರೆ ಸಕ್ಕರೆ ಇಳಿದು ಹೋಗಬಹುದು. ಬೆವರು, ನಡುಕ, ಕಣ್ಣು ಮಂಜು, ತಲೆ ಗೊಂದಲ. 70ಕ್ಕಿಂತ ಕೆಳಗಿಳಿದರೆ ಅಪಾಯ. ಕಿಸೆಯಲ್ಲಿ ಸಕ್ಕರೆ ಪೊಟ್ಟಣ ಇರಲಿ. ಮೂರು ಚಮಚ ಬಾಯಿಗೆ ಹಾಕಿ, ಕಾಲು ಗಂಟೆ ನೆರಳಲ್ಲಿ ಕೂರಬೇಕು. ಜತೆಯಲ್ಲಿ ಕೆಲಸ ಮಾಡುವವರಿಗೆ ಇದು ಗೊತ್ತಿರಬೇಕು. ಶುಗರ್ ಇದೆ ಎಂಬುದನ್ನು ಮುಚ್ಚಿಟ್ಟರೆ ನಾವು ಬಿದ್ದಾಗ "ಬಿಸಿಲು ಹೊಡೆಯಿತು" ಎಂದು ತಲೆಗೆ ನೀರು ಹಾಕುತ್ತಾ ಇರುತ್ತಾರೆ.

ನಾಟಿ ಮದ್ದಿನ ಬಗ್ಗೆ

ಈ ಮಾತಿಗೆ ಕೆಲವರು ಸಿಟ್ಟಾಗಬಹುದು. 2020ರಲ್ಲಿ ಒಬ್ಬರು ಕೊಟ್ಟ ಪುಡಿಯನ್ನು ನಂಬಿ ನಾನು ಮಾತ್ರೆ ನಿಲ್ಲಿಸಿದ್ದೆ. "ಒಂದು ಮಂಡಲ ತಿಂದರೆ ಶುಗರ್ ಬೇರು ಸಮೇತ ಹೋಗ್ತದೆ" ಎಂದಿದ್ದರು. ಮೈ ಹಗುರವಾದಂತೆ ಅನಿಸಿತು. ಎರಡು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿದರೆ ಖಾಲಿ ಹೊಟ್ಟೆಯಲ್ಲಿ 268. ನನ್ನ ನರಗಳಿಗೆ ಆದ ಹಾನಿಯಲ್ಲಿ ಆ ದಿನಗಳ ಪಾಲು ಇಲ್ಲವೆಂದು ಹೇಳಲಾರೆ.

ಹಿರಿಯರ ಮದ್ದಿನ ಮೇಲೆ ನನಗೆ ಗೌರವವಿದೆ. ಹಾಗಲಕಾಯಿ, ಮೆಂತೆ ಊಟದಲ್ಲಿ ಧಾರಾಳ ಇರಲಿ. ಆದರೆ ಹೊಸ ಗೊಬ್ಬರ ಬಂದರೆ ನಾವು ಇಡೀ ತೋಟಕ್ಕೆ ಹಾಕುತ್ತೇವಾ? ಹತ್ತು ಮರಕ್ಕೆ ಹಾಕಿ, ಪಕ್ಕದ ಹತ್ತು ಮರ ಹಾಗೇ ಬಿಟ್ಟು, ಇಳುವರಿ ನೋಡುತ್ತೇವೆ. ಮೈಗೆ ಆ ಜಾಣತನ ಏಕೆ ಇಲ್ಲ? ಏನೇ ತಿನ್ನಿ, ಮಾತ್ರೆ ನಿಲ್ಲಿಸಬೇಡಿ, ತಿನ್ನುವುದನ್ನು ವೈದ್ಯರಿಗೆ ಹೇಳಿ, ರಕ್ತ ಪರೀಕ್ಷೆಯಲ್ಲಿ ಕಂಡದ್ದನ್ನು ಮಾತ್ರ ನಂಬಿ. "ಹಗುರವಾಯಿತು" ಎಂಬುದು ಇಳುವರಿ ಅಲ್ಲ.

ಖರ್ಚಿಲ್ಲದೆ ಆಗುವ ಕೆಲಸ

30 ವರ್ಷ ದಾಟಿದವರಿಗೆ ಶುಗರ್, ಬಿಪಿ ತಪಾಸಣೆ ಸರಕಾರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತ. 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದ ಭಾಗ ಇದು. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ದಿನ ಎಂದು ಹೇಳುತ್ತಾರೆ. ಸಾಮಾನ್ಯ ಮಾತ್ರೆಗಳು ಅಲ್ಲಿಯೇ ಸಿಗುತ್ತವೆ, ಇಲ್ಲದಿದ್ದರೆ ಜನೌಷಧಿ ಅಂಗಡಿಯಲ್ಲಿ ಅಗ್ಗಕ್ಕೆ. ಮೂರು ತಿಂಗಳ ಸರಾಸರಿ ಪರೀಕ್ಷೆಗೆ, ಬಿ12ಗೆ ಪೇಟೆಗೆ ಹೋಗಬೇಕಾದೀತು. ವರ್ಷಕ್ಕೊಮ್ಮೆ ಕಣ್ಣಿನ ಪರದೆ, ಮೂತ್ರಪಿಂಡ, ಪಾದ ಈ ಮೂರನ್ನೂ ತೋರಿಸಬೇಕು. ಪಾದ ನೋಡದೆ ಕಳುಹಿಸಿದರೆ ನಾವೇ ಚಪ್ಪಲಿ ಕಳಚಿ, "ಇದನ್ನೂ ಒಮ್ಮೆ ನೋಡಿ ಡಾಕ್ಟ್ರೇ" ಎನ್ನಬೇಕು. ಕೇಳಲು ಸಂಕೋಚ ಬೇಡ.

ಸೊಸೈಟಿಯಲ್ಲಿ ನಮ್ಮ ಹಸುವಿನ ಹಾಲಿಗೆ ದಿನಕ್ಕೆ ಎರಡು ಸಲ ಪರೀಕ್ಷೆ. ಆ ಹಾಲು ಕರೆಯುವವನ ರಕ್ತಕ್ಕೆ ಐದು ವರ್ಷಕ್ಕೊಮ್ಮೆಯೂ ಇಲ್ಲ. ಹಾಲು ಸೊಸೈಟಿಯ, ಸಹಕಾರಿ ಸಂಘದ ವಾರ್ಷಿಕ ಸಭೆಗೆ ನಾವು ಹೇಗೂ ಸೇರುತ್ತೇವೆ. ಅದೇ ದಿನ ಬೆಳಗ್ಗೆ ಆರೋಗ್ಯ ಕೇಂದ್ರದವರನ್ನು ಕರೆಸಿ ಸದಸ್ಯರ, ಕೂಲಿಯವರ, ಮನೆಯ ಹೆಂಗಸರ ತಪಾಸಣೆ ಮಾಡಿಸಿದರೆ ಸಂಘಕ್ಕೆ ಹೊರೆಯೇನೂ ಆಗುವುದಿಲ್ಲ. ಹೆಂಗಸರ ಮಾತು ಬೇಕೆಂದೇ ಬರೆದೆ. ನನ್ನ ಬೊಕ್ಕೆ ಕಂಡದ್ದು ಮನೆಯವಳಿಗೆ. ಅವಳ ಪಾದ ಅದುವರೆಗೆ ನಾನು ಒಮ್ಮೆಯೂ ನೋಡಿರಲಿಲ್ಲ. ಈಗ ಸಂಜೆ ಜಗಲಿಯಲ್ಲಿ ಕೂತು ಇಬ್ಬರೂ ಒಬ್ಬರದ್ದೊಬ್ಬರು ನೋಡುತ್ತೇವೆ. ಮೊದಮೊದಲು ಮಕ್ಕಳು ನಗುತ್ತಿದ್ದರು.

ಅಂದು ಏಣಿ ಹಿಡಿದವನು 2023ರಲ್ಲಿ ಒಂದು ದಿನ ಕೆಲಸಕ್ಕೆ ಬಂದವನು ಕೈ ಕೊಡವುತ್ತಾ, "ರಾತ್ರಿ ಎಲ್ಲಾ ಕಾಲು ಎಳೀತದೆ ಅಣ್ಣೇರೆ" ಎಂದ. ಅವತ್ತು ಕೆಲಸ ನಿಲ್ಲಿಸಿ ಸ್ಕೂಟರಿನಲ್ಲಿ ಕೂರಿಸಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಅವನಿಗೆ 41 ವರ್ಷ. ಶುಗರ್ 190 ಇತ್ತು. ಪಾದದಲ್ಲಿ ನೂಲು ಒತ್ತಿದ ಹತ್ತೂ ಕಡೆ ಅವನಿಗೆ ಗೊತ್ತಾಯಿತು. ಅವನು ಸಮಯಕ್ಕೆ ಸಿಕ್ಕಿದ್ದಾನೆ. ಆ ದಿನ ತೋಟದ ಕೆಲಸ ನಿಂತದ್ದಕ್ಕೆ ನನಗೆ ಬೇಸರವಿಲ್ಲ.

ಓದುಗರಲ್ಲಿ ಇನ್ನೂ ಯಾರಿಗೆಲ್ಲ ಈ ತೊಂದರೆ ಇದೆಯೋ, ಕೆಲಸದ ಕ್ರಮವನ್ನು ಹೇಗೆ ಬದಲಿಸಿಕೊಂಡಿರೋ, ಯಾವ ಉಪಾಯ ಫಲಿಸಿತೋ, ಯಾವುದು ಕೈಕೊಟ್ಟಿತೋ ಪತ್ರಿಕೆಗೆ ಬರೆಯಿರಿ. ಕೊಳೆರೋಗದ ಬಗ್ಗೆ ಪ್ರತಿ ಮಳೆಗಾಲ ನಾವು ಪತ್ರ ಬರೆಯುತ್ತೇವೆ. ನಮ್ಮದೇ ಕಾಲಿನ ಬಗ್ಗೆಯೂ ನಾಲ್ಕು ಸಾಲು ಬರೆಯೋಣ.